ಮಳೆಗಾಲದ ಟೆಂಟು, ಮರುಭೂಮಿಯ ಸರೋವರ: ಮಂಗಳೂರಿನ ಬಾಡಿಗೆ ಕಿಟ್ ಎಷ್ಟು ತಾಳುತ್ತದೆ?

ಮಂಗಳೂರು, ಉಡುಪಿ ಕಡೆ ಕ್ಯಾಂಪಿಂಗ್ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಗಳಲ್ಲಿ ಸಿಗುವ ಕಿಟ್ ಹೆಚ್ಚುಕಡಿಮೆ ಒಂದೇ ತರಹದ್ದು. ಮೂರು ಜನ ಮಲಗುವ ಡೋಮ್ ಟೆಂಟ್, ಸ್ಲೀಪಿಂಗ್ ಬ್ಯಾಗ್, ತೆಳು ಫೋಮ್ ಮ್ಯಾಟ್, ಕ್ಯಾಸೆಟ್ ಗ್ಯಾಸ್ ಒಲೆ, ಒಂದು ಚಾರ್ಜಿಂಗ್ ಲೈಟ್. ಕುದುರೆಮುಖದ ತಪ್ಪಲಿಗೋ ಕಾಪು ಕಡಲತೀರದ ಆಸುಪಾಸಿಗೋ ಒಂದು ರಾತ್ರಿಗೆ ಇದು ಧಾರಾಳ ಸಾಕು. ಇದೇ ಕಟ್ಟನ್ನು ಬೈಕಿಗೆ ಬಿಗಿದುಕೊಂಡು ಲಡಾಖಿನ ಪಾಂಗಾಂಗ್ ದಂಡೆಗೋ ರಾಜಸ್ಥಾನದ ಸಾಂಭರ್ ಸರೋವರಕ್ಕೋ ಹೊರಡುವವರೂ ಇದ್ದಾರೆ. ಈ ವಿಮರ್ಶೆ ಅವರಿಗೆ. ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ: ಟೆಂಟ್ ಬಾಡಿಗೆಗೆ ತನ್ನಿ, ಗೂಟ ಮತ್ತು ಹಗ್ಗ ಸ್ವಂತದ್ದಿರಲಿ, ಸ್ಲೀಪಿಂಗ್ ಬ್ಯಾಗನ್ನು ಪರೀಕ್ಷಿಸದೆ ಒಪ್ಪಬೇಡಿ, ಒಲೆಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಕಾರಣ ಇಷ್ಟೇ. ನಮ್ಮೂರಿನ ಟೆಂಟ್ ಮೇಲಿಂದ ಬೀಳುವ ನೀರಿಗೆ ಹೆದರಿ ತಯಾರಾದದ್ದು. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿಯುವ ಕರಾವಳಿಯಲ್ಲಿ ಗಿರಾಕಿ ಮೊದಲು ಕೇಳುವುದೇ ‘ಸೋರುತ್ತದಾ?’ ಎಂದು. ಲೇಹ್‌ನಲ್ಲಿ ವರ್ಷವಿಡೀ ಬೀಳುವುದು ಸುಮಾರು 100 ಮಿ.ಮೀ. ಮಾತ್ರ. ಅಲ್ಲಿ ಟೆಂಟನ್ನು ಸೋಲಿಸುವುದು ಮೂರು: ಪಕ್ಕದಿಂದ ಬರುವ ಗಾಳಿ, ಗೂಟ ಹಿಡಿಯದ ನೆಲ, ರಾತ್ರಿಯ ಚಳಿ. 2,000 ಮಿ.ಮೀ. ವಾಟರ್‌ಪ್ರೂಫ್ ಎಂದು, ಅಂದರೆ ಅಷ್ಟು ಎತ್ತರದ ನೀರಿನ ಒತ್ತಡಕ್ಕೂ ಬಟ್ಟೆ ಸೋರದು ಎಂದು, ಚೀಲದ ಮೇಲೆ ಬರೆದಿರುವ ಅಂಕಿಗೂ ಈ ಮೂರಕ್ಕೂ ಸಂಬಂಧವಿಲ್ಲ.

ಆದರೂ ಪರೀಕ್ಷೆ ಶುರುವಾಗಬೇಕಾದದ್ದು ಅಂಗಡಿಯಲ್ಲಿ, ಬಟ್ಟೆಯಿಂದಲೇ. ಬಾಡಿಗೆ ಟೆಂಟ್ ಹಾಳಾಗುವುದು ಬೆಟ್ಟದ ಮೇಲೆ ಅಲ್ಲ, ಅಂಗಡಿಯ ಕಪಾಟಿನಲ್ಲಿ. ಪಾಲಿಯೆಸ್ಟರ್ ಹೊರಹೊದಿಕೆಯ ಒಳಮೈಗೆ ಪಿಯು (ಪಾಲಿಯುರೆಥೇನ್) ಎಂಬ ತೆಳು ಪ್ಲಾಸ್ಟಿಕ್ ಲೇಪನ ಇರುತ್ತದೆ. ತೇವ ಮತ್ತು ಸೆಕೆ ಸೇರಿದರೆ ಈ ಲೇಪನ ಮೆಲ್ಲಗೆ ಕರಗಿ ಅಂಟಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಎರಡಕ್ಕೂ ಬರವಿಲ್ಲ. ಒದ್ದೆ ಟೆಂಟನ್ನು ಹಾಗೆಯೇ ಚೀಲಕ್ಕೆ ತುರುಕಿ ಇಟ್ಟಿದ್ದರಂತೂ ಒಂದೆರಡು ಮಳೆಗಾಲದಲ್ಲೇ ಅದರ ಕತೆ ಮುಗಿಯಬಹುದು. ಪತ್ತೆಹಚ್ಚುವುದು ಸುಲಭ. ಹೊದಿಕೆಯನ್ನು ಮಡಿಚಿ ಒಳಮೈಗೆ ಒಳಮೈ ತಾಗಿಸಿ ಹತ್ತು ಸೆಕೆಂಡ್ ಒತ್ತಿಹಿಡಿಯಿರಿ, ಆಮೇಲೆ ಬಿಡಿಸಿ. ಅಂಟುಟೇಪ್ ಕಿತ್ತ ಹಾಗೆ ಸದ್ದು ಬಂದರೆ, ಹುಳಿವಾಂತಿಯಂಥ ವಾಸನೆ ಬಂದರೆ, ಅಥವಾ ಬಿಳಿ ಹೊಟ್ಟು ಉದುರಿದರೆ ಲೇಪನ ಸತ್ತಿದೆ ಎಂದರ್ಥ. ಬರೀ ಮುಗ್ಗಲು ವಾಸನೆ, ಕಪ್ಪು ಬೂಷ್ಟಿನ ಚುಕ್ಕೆ ಇದ್ದರೆ ಅಷ್ಟು ಗಾಬರಿಯಿಲ್ಲ. ಅದು ನೋಡಲು ಅಸಹ್ಯ, ಉಸಿರಿಗೆ ಒಳ್ಳೆಯದಲ್ಲ, ಆದರೆ ಬಟ್ಟೆ ಇನ್ನೂ ಗಟ್ಟಿ ಇರುತ್ತದೆ. ಅಂಟಾದ ಟೆಂಟ್ ಮಾತ್ರ ಬೇಡವೇ ಬೇಡ. ಮರುಭೂಮಿಯ ನುಣುಪು ಧೂಳು ಆ ಅಂಟಿಗೆ ಕೂತರೆ ಮತ್ತೆ ತೊಳೆದು ತೆಗೆಯಲಾಗದು.

ಮುಂದೆ ಜಿಪ್. ಕಡಲ ಉಪ್ಪುಗಾಳಿಗೆ ಜಿಪ್ಪಿನ ಓಟಗುಂಡಿ (ಎಳೆಯುವ ಸ್ಲೈಡರ್) ಹಸಿರುಗಟ್ಟುತ್ತದೆ, ಅದರ ಒಳಗಿನ ತೋಡು ಸವೆಯುತ್ತದೆ. ಬಾಗಿಲನ್ನು ಹತ್ತು ಸಲ ಪೂರ್ತಿ ತೆಗೆದು ಹಾಕಿ ನೋಡಿ. ಗುಂಡಿ ದಾಟಿ ಹೋದ ಮೇಲೆ ಹಿಂದೆ ಹಲ್ಲು ಬಿಟ್ಟುಕೊಂಡರೆ ಸವೆದದ್ದು ಹಲ್ಲಲ್ಲ, ಗುಂಡಿ. ಪಕ್ಕಡ್‌ನಲ್ಲಿ ಅದರ ಎರಡು ಬದಿಯನ್ನು ತುಸು ಅಮುಕಿದರೆ ಕೆಲವು ದಿನ ನಡೆಯುತ್ತದೆ, ಆದರೆ ಬಾಡಿಗೆ ತರುವಾಗಲೇ ಆ ಸ್ಥಿತಿಯಲ್ಲಿದ್ದರೆ ಬೇರೆ ಕೇಳಿ. ಹೊಯಿಗೆ (ಮರಳು) ಇರುವ ಕಡೆ ಜಿಪ್ಪಿಗೆ ಎಣ್ಣೆ ಹಚ್ಚುವುದು ದೊಡ್ಡ ತಪ್ಪು. ಎಣ್ಣೆ ಹೊಯಿಗೆಯನ್ನು ಹಿಡಿದಿಟ್ಟು ಅರದಂತೆ ತೇಯುತ್ತದೆ. ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಮೇಣದಬತ್ತಿಯನ್ನು ಒಣಗಾಗಿ ಎಳೆಯಿರಿ, ಸಾಕು.

ಕಂಬಗಳು ಸಾಮಾನ್ಯವಾಗಿ 8.5 ಮಿ.ಮೀ. ದಪ್ಪದ ಫೈಬರ್‌ಗ್ಲಾಸ್. ಕಡಲತೀರಕ್ಕೆ ಇದು ಒಳ್ಳೆಯದೇ, ಉಪ್ಪಿಗೆ ತುಕ್ಕು ಹಿಡಿಯುವುದಿಲ್ಲ. ಆದರೆ ಗಾಳಿಗೆ ಬಹಳ ಹೊತ್ತು ಬಾಗಿ ನಿಂತರೆ ಲೋಹದ ಕೊಳವೆ ಸೇರುವ ಜಾಗದಲ್ಲಿ ಉದ್ದಕ್ಕೆ ಸೀಳುತ್ತದೆ. ಪ್ರತಿ ತುಂಡಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಬಿಳಿ ಗೆರೆ ಕಂಡರೆ ಅದು ಬಿರುಕು. ಬರಿಗೈಯಲ್ಲಿ ಸವರಬೇಡಿ, ಗಾಜಿನ ಸಿಬಿರು ಚರ್ಮಕ್ಕೆ ಹೋಗುತ್ತದೆ. ಅಲ್ಯೂಮಿನಿಯಂ ಕಂಬದ ಟೆಂಟ್ ಇದ್ದರೆ ಹೆಚ್ಚು ಕೊಟ್ಟಾದರೂ ತನ್ನಿ, ಅದು ಸಾಮಾನ್ಯವಾಗಿ ಬಾಗುತ್ತದೆ ಹೊರತು ಸೀಳುವುದಿಲ್ಲ. ಇಲ್ಲದಿದ್ದರೆ ಕಂಬ ಒಳಗೆ ತೂರುವಷ್ಟು ಅಗಲದ 15 ಸೆಂ.ಮೀ. ಲೋಹದ ಕೊಳವೆ ತುಂಡೊಂದು ಮತ್ತು ಬಟ್ಟೆಯ ಅಂಟುಟೇಪ್ ಜೊತೆಗಿರಲಿ. ಮುರಿದ ಜಾಗದ ಮೇಲೆ ಕೊಳವೆ ಸರಿಸಿ ಎರಡು ತುದಿಗೂ ಟೇಪ್ ಸುತ್ತಿದರೆ ರಾತ್ರಿ ಕಳೆಯುತ್ತದೆ. ಕಂಬದೊಳಗಿನ ಎಲಾಸ್ಟಿಕ್ ಚಳಿಗೆ ಬಿಗುವು ಕಳೆದುಕೊಳ್ಳುತ್ತದೆ ಎಂಬುದೂ ನೆನಪಿರಲಿ. ಮಂಗಳೂರಿನಲ್ಲೇ ಸಡಿಲವಾಗಿದ್ದರೆ ಅಲ್ಲಿ ತುಂಡುಗಳು ಒಂದಕ್ಕೊಂದು ನಿಲ್ಲುವುದೇ ಇಲ್ಲ.

ಈಗ ಈ ಕಿಟ್‌ನ ನಿಜವಾದ ಸೋಲಿಗೆ ಬರೋಣ: ಗೂಟ. ಟೆಂಟ್ ಜೊತೆ ಕೊಡುವುದು 18 ಸೆಂ.ಮೀ. ಉದ್ದದ, ಬೆರಳಿನಿಂದಲೇ ಬಗ್ಗುವ ಉಕ್ಕಿನ ತಂತಿ. ನಮ್ಮ ಕೆಂಪುಮಣ್ಣಿಗೆ, ಗದ್ದೆಯ ಅಂಚಿಗೆ ಇದು ಕಚ್ಚಿಕೊಳ್ಳುತ್ತದೆ, ಯಾಕೆಂದರೆ ಜಿಗುಟು ಮಣ್ಣು ತಂತಿಯನ್ನು ಸುತ್ತಲಿಂದ ಒತ್ತಿ ಹಿಡಿಯುತ್ತದೆ. ಮರುಭೂಮಿಯ ಸರೋವರದ ದಂಡೆ ಅಂದರೆ ಒಣ ಹೊಯಿಗೆ, ಜಲ್ಲಿ, ಅಥವಾ ಉಪ್ಪಿನ ಹೆಪ್ಪು. ಹೊಯಿಗೆಯಲ್ಲಿ ತಂತಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎದ್ದು ಬರುತ್ತದೆ. ಜಲ್ಲಿಯಲ್ಲಿ ಒಳಗೆ ಹೋಗುವ ಮೊದಲೇ ಬಗ್ಗುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಟೆಂಟಿನ ಮೇಲೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಮಧ್ಯಾಹ್ನ ಗಟ್ಟಿಯಾಗಿ ನಿಂತಿದೆ ಅನಿಸಿದ ಟೆಂಟ್ ಸಂಜೆ ಐದಕ್ಕೆ ಸರೋವರದ ಕಡೆ ಉರುಳಿ ಹೋಗುವುದರಲ್ಲಿ ಆಶ್ಚರ್ಯವಿಲ್ಲ.

ಆ ಗಾಳಿ ಏಳುವ ಕ್ರಮ ಮಲ್ಪೆಯವರಿಗೆ ಗೊತ್ತಿರುವುದೇ. ಬಿಸಿಲೇರಿದ ಹಾಗೆ ನೆಲ ಬೇಗ ಕಾಯುತ್ತದೆ, ನೀರು ತಡವಾಗಿ. ನೆಲದ ಮೇಲಿನ ಗಾಳಿ ಮೇಲೇರಿದಾಗ ನೀರಿನ ಕಡೆಯಿಂದ ತಂಪು ಗಾಳಿ ನುಗ್ಗುತ್ತದೆ. ನಮ್ಮ ಪಡುಗಾಳಿಯ ಲೆಕ್ಕವೇ ಅದು. ಪಾಂಗಾಂಗ್‌ನಂಥ ಕಣಿವೆಯ ಸರೋವರದಲ್ಲಿ ಇದರ ಜೊತೆ ಕಣಿವೆಯುದ್ದಕ್ಕೂ ಬೀಸುವ ಗಾಳಿಯೂ ಸೇರುತ್ತದೆ, ತಡೆಯಲು ಒಂದು ಮರ ಇರುವುದಿಲ್ಲ. ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಮಧ್ಯಾಹ್ನದ ಮೇಲೆ ತೆರೆಯೇಳುತ್ತದೆ. ಲೇಹ್‌ನಿಂದ ಚಾಂಗ್ ಲಾ ಎಂಬ ಘಾಟಿ ದಾಟಿ ಸುಮಾರು 150 ಕಿ.ಮೀ. ಬರುವಾಗ ಹೆಚ್ಚಿನವರು ತಲುಪುವುದು ಸರಿಯಾಗಿ ಆ ಹೊತ್ತಿಗೇ. ಸಾಧ್ಯವಾದರೆ ಬೆಳಿಗ್ಗೆ ಆರಕ್ಕೇ ಲೇಹ್ ಬಿಡಿ. ತಡವಾಯಿತೆಂದರೆ ಗಾಳಿ ಇಳಿಯುವ ತನಕ ಟೆಂಟ್ ಬಿಚ್ಚದೆ ಕಾಯುವುದೇ ಮೇಲು.

ಗೂಟಕ್ಕೆ ಪರಿಹಾರ ನಮ್ಮೂರಲ್ಲೇ ಇದೆ, ದುಬಾರಿಯೂ ಅಲ್ಲ. 5 ಅಥವಾ 10 ಕಿಲೋ ಕುಚ್ಚಲಕ್ಕಿಯ ಖಾಲಿ ಪ್ಲಾಸ್ಟಿಕ್ ಚೀಲ ಎಂಟು ಇಟ್ಟುಕೊಳ್ಳಿ, ಮಡಿಚಿದರೆ ಒಂದು ಅಂಗಿಯಷ್ಟೂ ಜಾಗ ಹಿಡಿಯುವುದಿಲ್ಲ. ಅಲ್ಲಿ ಚೀಲಕ್ಕೆ ಅರ್ಧ ಹೊಯಿಗೆ ತುಂಬಿ ಬಾಯಿ ಕಟ್ಟಿ, ಹಗ್ಗವನ್ನು ಚೀಲದ ನಡುಸೊಂಟಕ್ಕೆ ಎರಡು ಸುತ್ತು ಬಿಗಿಯಿರಿ. 30ರಿಂದ 40 ಸೆಂ.ಮೀ. ಆಳದ ಗುಂಡಿ ತೋಡಿ, ಹಗ್ಗ ಎಳೆಯುವ ದಿಕ್ಕಿಗೆ ಅಡ್ಡವಾಗಿ ಚೀಲ ಮಲಗಿಸಿ, ಮೇಲೆ ಹೊಯಿಗೆ ಎಳೆದು ತುಳಿದು ಗಟ್ಟಿ ಮಾಡಿ. ಮೇಲಿನ ಹೊಯಿಗೆಯ ಭಾರವೇ ಹಿಡಿತ ಕೊಡುತ್ತದೆ. ಇದು ಎದ್ದು ಬರಬೇಕಾದರೆ ಟೆಂಟಿನ ಬಟ್ಟೆಯೇ ಮೊದಲು ಹರಿಯಬೇಕು. ಎಂಟೂ ಹಾಕಲು ಸಮಯವಿಲ್ಲದಿದ್ದರೆ ಗಾಳಿ ಬರುವ ಬದಿಯ ಎರಡು ಮೂಲೆ ಮತ್ತು ಎರಡು ಬಿಗಿಹಗ್ಗಕ್ಕೆ (ಹೊದಿಕೆಯನ್ನು ನೆಲಕ್ಕೆ ಎಳೆದು ಕಟ್ಟುವ ಹಗ್ಗ) ಖಂಡಿತ ಹಾಕಿ. ತೋಡಲಾಗದ ಜಲ್ಲಿ ನೆಲದಲ್ಲಿ ಹಗ್ಗದ ತುದಿಯನ್ನು ತೆಂಗಿನಕಾಯಿ ಗಾತ್ರದ ಕಲ್ಲಿಗೆ ಕಟ್ಟಿ, ಆ ಕಲ್ಲಿಗೂ ಟೆಂಟಿಗೂ ನಡುವೆ ಹಗ್ಗದ ಮೇಲೆ ಎತ್ತಲು ಎರಡು ಕೈ ಬೇಕಾಗುವಷ್ಟು ದೊಡ್ಡ ಕಲ್ಲನ್ನು ಇಡಿ. ಸಣ್ಣ ಕಲ್ಲು ದೊಡ್ಡದಕ್ಕೆ ತಗಲಿಕೊಂಡು ನಿಲ್ಲುತ್ತದೆ. ಚೂಪು ಕಲ್ಲಿನ ಅಂಚಿಗೆ ಹಗ್ಗ ತೇಯದ ಹಾಗೆ ಹಳೇ ಸೈಕಲ್ ಟ್ಯೂಬಿನ ತುಂಡು ಸುತ್ತಿದರೆ ಇನ್ನೂ ಒಳ್ಳೆಯದು. ಟೆಂಟಿನ ಬಟ್ಟೆಯ ಮೇಲೆಯೇ ಕಲ್ಲು ಹೇರುವವರು ಬೆಳಿಗ್ಗೆ ತೂತು ಎಣಿಸಬೇಕಾಗುತ್ತದೆ.

ಹಗ್ಗಕ್ಕೆ ಮಂಗಳೂರಿನ ಬಂದರಿಗೆ ಹೋಗಿ. ಮೀನುಗಾರಿಕೆ ಸಾಮಾನಿನ ಅಂಗಡಿಗಳಲ್ಲಿ 3 ಮಿ.ಮೀ. ಹೆಣೆದ ಪಾಲಿಯೆಸ್ಟರ್ ಹಗ್ಗ ಕೇಳಿ. ಎಂಟು ಕಡೆಗೆ ಮೂರು ಮೀಟರ್‌ನಂತೆ 24 ಮೀಟರ್ ಬೇಕು, 30 ತಂದರೆ ಕೈಯಲ್ಲಿ ಒಂದಿಷ್ಟು ಉಳಿಯುತ್ತದೆ. ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ, ಬೆಳಗಿನ ಮಂಜಿಗೆ ಸಡಿಲವಾಗುತ್ತದೆ. ಅಗ್ಗದ ಪಾಲಿಪ್ರೊಪಿಲೀನ್ ನುಣುಪು, ಅದರಲ್ಲಿ ಗಂಟು ನಿಲ್ಲದು. ಕಿಟ್‌ನಲ್ಲಿ ಕೊಡುವ 2 ಮಿ.ಮೀ. ದಾರ ನಾಲ್ಕಿರಬೇಕು, ಸಾಮಾನ್ಯವಾಗಿ ಒಂದೆರಡು ಹಿಂದಿನವರು ಕಳೆದಿರುತ್ತಾರೆ. ಹೊರಡುವ ವಾರದ ಮೊದಲು ತಣ್ಣೀರುಬಾವಿಯಲ್ಲೋ ಪಣಂಬೂರಿನಲ್ಲೋ ಮಧ್ಯಾಹ್ನ ಮೂರರ ಗಾಳಿಗೆ ಅರ್ಧ ಗಂಟೆ ಟೆಂಟ್ ಎಬ್ಬಿಸಿ ನೋಡಿ. ಚೀಲದ ಲಂಗರು ಹೂಳುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಹೊಯಿಗೆ ಇಲ್ಲ.

ಎಬ್ಬಿಸುವ ಕ್ರಮದಲ್ಲಿ ಒಂದು ಹೆಜ್ಜೆ ಹಿಂದುಮುಂದಾದರೂ ಗಾಳಿ ಗೆಲ್ಲುತ್ತದೆ. ಮೊದಲು ಎಲ್ಲ ಬಾಗಿಲ ಜಿಪ್ ಮುಚ್ಚಿ, ತೆರೆದ ಬಾಗಿಲಿಗೆ ಗಾಳಿ ಹೊಕ್ಕರೆ ಟೆಂಟ್ ಕೊಡೆಯಾಗುತ್ತದೆ. ಒಳಗೂಡನ್ನು (ಹೊದಿಕೆಯ ಒಳಗಿನ ಟೆಂಟ್) ನೆಲಕ್ಕೆ ಹಾಸಿ, ಬಾಗಿಲು ಗಾಳಿಗೆ ಬೆನ್ನು ಹಾಕಿರಲಿ. ಗಾಳಿಯ ಬದಿಯ ಎರಡು ಮೂಲೆಯನ್ನು ಲಂಗರಿಗೆ ಕಟ್ಟಿದ ಮೇಲೆಯೇ ಕಂಬ ತೂರಿಸಿ. ಕಂಬವನ್ನು ತಳ್ಳಬೇಕು, ಎಳೆಯಬಾರದು; ಎಳೆದರೆ ತುಂಡುಗಳು ಕಂಬ ತೂರುವ ಬಟ್ಟೆಯ ತೋಳಿನೊಳಗೆ ಬಿಟ್ಟುಕೊಳ್ಳುತ್ತವೆ. ಎದ್ದು ನಿಂತ ಕೂಡಲೇ ಒಬ್ಬರು ಒಳಗೆ ಬ್ಯಾಗ್ ಎಸೆಯಿರಿ, ಇನ್ನೊಬ್ಬರು ಹೊದಿಕೆಯನ್ನು ಗಾಳಿಯ ಬದಿಯಿಂದಲೇ ಹಾಕುತ್ತ ಬನ್ನಿ. ಹೊದಿಕೆಯ ಒಳಬದಿಯಲ್ಲಿ ಕಂಬಕ್ಕೆ ಕಟ್ಟುವ ಪುಟ್ಟ ವೆಲ್ಕ್ರೊ ಪಟ್ಟಿಗಳಿರುತ್ತವೆ, ನಮ್ಮಲ್ಲಿ ಯಾರೂ ಅದನ್ನು ಮುಟ್ಟುವುದಿಲ್ಲ. ಅಲ್ಲಿ ಅದನ್ನು ಕಟ್ಟದಿದ್ದರೆ ಬಿಗಿಹಗ್ಗದ ಬಲ ಕಂಬಕ್ಕೆ ಹೋಗದೆ ಬಟ್ಟೆಯ ಹೊಲಿಗೆಗೆ ಹೋಗುತ್ತದೆ. ಹಗ್ಗ ನೆಲಕ್ಕೆ 45 ಡಿಗ್ರಿ ಅಥವಾ ಅದಕ್ಕಿಂತ ಚಪ್ಪಟೆಯಾಗಿ ಬರಬೇಕು. ಸರಿಸಿ ಬಿಗಿಮಾಡಬಹುದಾದ ಜಾರುಗಂಟು ಹಾಕಿ, ಕತ್ತಲಾಗುವ ಮೊದಲು ಒಮ್ಮೆ ಎಲ್ಲವನ್ನೂ ಮತ್ತೆ ಎಳೆದು ಬಿಗಿಮಾಡಿ.

ಈ ಟೆಂಟುಗಳಲ್ಲಿ ಹೊದಿಕೆ ಮತ್ತು ನೆಲದ ನಡುವೆ ಒಂದು ಗೇಣಿನಷ್ಟು ಸಂದು ಇರುತ್ತದೆ, ಒಳಗೂಡಿನ ಮೇಲರ್ಧ ಪೂರ್ತಿ ಸೊಳ್ಳೆಪರದೆ. ಕರಾವಳಿಯ ಸೆಕೆಗೆ ಇದಕ್ಕಿಂತ ಹಿತ ಬೇರಿಲ್ಲ. ಅಲ್ಲಿ ಮಾತ್ರ ಆ ಸಂದಿನಿಂದ ಧೂಳು ಹೊಕ್ಕು, ಪರದೆಯಲ್ಲಿ ಸೋಸಿ, ಮಲಗಿದವರ ಮುಖದ ಮೇಲೆ ಬೀಳುತ್ತದೆ. ಗಾಳಿಯ ಬದಿಯ ಪರದೆಗೆ ಒಳಗಿನಿಂದ ಬೈರಾಸನ್ನು (ಟವೆಲ್) ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಸಿಕ್ಕಿಸಿ, ಹೊರಗೆ ಆ ಬದಿಯ ಸಂದಿಗೆ ಸಾಲಾಗಿ ಕಲ್ಲೋ ಬ್ಯಾಗೋ ಇಡಿ. ನಾಲ್ಕೂ ಬದಿ ಮುಚ್ಚಬೇಡಿ. ಚಳಿಗೆ ಉಸಿರಿನ ಆವಿ ಹೊದಿಕೆಯ ಒಳಮೈಗೆ ಹೆಪ್ಪುಗಟ್ಟುತ್ತದೆ, ಬೆಳಿಗ್ಗೆ ಬಿಸಿಲು ತಾಗಿದಾಗ ಕರಗಿ ಹಾಸಿಗೆ ಮೇಲೆ ಬೀಳುತ್ತದೆ. ‘ಮಳೆಯೇ ಇಲ್ಲ, ಟೆಂಟ್ ಸೋರಿತು’ ಎಂದು ಅಂಗಡಿಯವರ ಹತ್ತಿರ ಜಗಳವಾಡುವುದು ಇದೇ ನೀರಿಗಾಗಿ. ನೆತ್ತಿಯ ಗಾಳಿಕಿಂಡಿ ತೆರೆದಿಟ್ಟರೆ ಮುಕ್ಕಾಲುವಾಸಿ ತಪ್ಪುತ್ತದೆ.

ಜಾಗದ ಬಗ್ಗೆ ಎರಡೇ ಮಾತು. ನೀರಿನ ಅಂಚಿಗೇ ಟೆಂಟ್ ಹಾಕುವುದು ಫೋಟೋಗೆ ಮಾತ್ರ ಚೆಂದ. ಲಡಾಖಿನಲ್ಲಿ ಹಿಮಕರಗಿದ ತೊರೆಗಳು ಬೆಳಿಗ್ಗೆ ಬತ್ತಿದಂತಿದ್ದು ಮಧ್ಯಾಹ್ನದ ಮೇಲೆ ತುಂಬಿಕೊಳ್ಳುತ್ತವೆ, ಆದ್ದರಿಂದ ಸಮತಟ್ಟಾಗಿ ಆಸೆ ಹುಟ್ಟಿಸುವ ಒಣ ಹಾದಿಯಲ್ಲಿ ಮಲಗಬೇಡಿ. ಪಾಂಗಾಂಗ್ ದಂಡೆಯ ಸ್ಪಾಂಗ್ಮಿಕ್, ಮಾನ್, ಮೆರಾಕ್ ಹಳ್ಳಿಗಳಲ್ಲಿ ಮನೆಯವರನ್ನು ಕೇಳಿ ಅವರ ಗೋಡೆಯ ಮರೆಯಲ್ಲಿ ಹಾಕಿಕೊಂಡರೆ ಗಾಳಿಯೂ ಅರ್ಧ, ಆತಂಕವೂ ಅರ್ಧ. ಲಡಾಖಿನ ಇನ್ನೆರಡು ಸರೋವರಗಳಾದ ತ್ಸೊ ಮೊರಿರಿ, ತ್ಸೊ ಕರ್ ಎರಡೂ ರಾಮ್ಸರ್ ತಾಣಗಳು (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳು), ಕಪ್ಪುಕೊರಳಿನ ಕ್ರೌಂಚ ಪಕ್ಷಿ (ಬ್ಲ್ಯಾಕ್ ನೆಕ್ಡ್ ಕ್ರೇನ್) ಮರಿಮಾಡುವ ಜೌಗುಹುಲ್ಲು ಅಲ್ಲಿದೆ. ಆ ಹುಲ್ಲಿನ ಮೇಲೆ ಟೆಂಟ್ ಹಾಕುವುದನ್ನು ಯಾವ ಕಾರಣಕ್ಕೂ ಒಪ್ಪಲಾಗದು.

ಸ್ಲೀಪಿಂಗ್ ಬ್ಯಾಗಿಗೆ ಬಂದರೆ, ಅಂಗಡಿಯವರು ತೋರಿಸುವ ‘ಮೈನಸ್ 5’ ಯಾವ ಮೈನಸ್ 5 ಎಂದು ಕೇಳಿ. ಲೇಬಲ್‌ನಲ್ಲಿ ಮೂರು ಅಂಕಿ ಇರುತ್ತವೆ: ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. ಮೊದಲನೆಯದರಲ್ಲಿ ನಿದ್ದೆ ಬರುತ್ತದೆ. ಎರಡನೆಯದರಲ್ಲಿ ಮುದುಡಿಕೊಂಡು ರಾತ್ರಿ ಕಳೆಯಬಹುದು. ಮೂರನೆಯದು ಜೀವ ಉಳಿಯುವ ಲೆಕ್ಕ ಮಾತ್ರ, ಮೈ ತಣ್ಣಗಾಗಿ ಅಪಾಯವಾಗುವ ಸಾಧ್ಯತೆ ಅದರಲ್ಲಿ ಸೇರಿಯೇ ಇದೆ. ಚೀಲದ ಮೇಲೆ ದೊಡ್ಡದಾಗಿ ಬರೆದಿರುವುದು ಸಾಮಾನ್ಯವಾಗಿ ಎರಡನೆಯದೋ ಮೂರನೆಯದೋ. ಸುಮಾರು 4,225 ಮೀಟರ್ ಎತ್ತರದ ಪಾಂಗಾಂಗ್‌ನಲ್ಲಿ ಜುಲೈ, ಆಗಸ್ಟ್‌ನಲ್ಲೂ ರಾತ್ರಿ ಶೂನ್ಯದ ಆಸುಪಾಸಿಗೆ ಇಳಿಯಬಹುದು, ಸೆಪ್ಟೆಂಬರ್ ಕೊನೆಗೆ ಅದಕ್ಕೂ ಕೆಳಗೆ. ಕಂಫರ್ಟ್ ಅಂಕಿಯೇ ಮೈನಸ್ 5 ಇರಬೇಕು.

ಮೇಲಾಗಿ ಬಾಡಿಗೆ ಬ್ಯಾಗ್ ಬಹುಕಾಲ ಅಮುಕಿಟ್ಟದ್ದು. ಒಳಗಿನ ನಾರು ಎದ್ದು ಉಬ್ಬಿದರೇ ಗಾಳಿ ಹಿಡಿದು ಬಿಸಿ ಉಳಿಯುವುದು. ಚೀಲದಿಂದ ತೆಗೆದು ಒಂದು ಗಂಟೆ ಹರಡಿ, ಆಮೇಲೆ ಅಂಗೈ ಇಟ್ಟು ಒತ್ತಿ. ಎರಡು ಬೆರಳು ದಪ್ಪವೂ ಇಲ್ಲದೆ ಹಳೇ ಕಂಬಳಿಯಂತೆ ಮಲಗಿದ್ದರೆ ಲೇಬಲ್ ಏನೇ ಹೇಳಲಿ, ಅದು ಕೊಡಚಾದ್ರಿಗೆ ಸರಿ, ಲಡಾಖಿಗಲ್ಲ. ನಮ್ಮ ಸಲಹೆ: ಬ್ಯಾಗನ್ನು ಲೇಹ್‌ನಲ್ಲೇ ಬಾಡಿಗೆಗೆ ಹಿಡಿಯಿರಿ. ಅಲ್ಲಿಯ ಒಣಹವೆಯಲ್ಲಿ ಇಟ್ಟದ್ದು ಮುಗ್ಗುವುದಿಲ್ಲ, ಇಲ್ಲಿಂದ ಹೊರುವ ಭಾರವೂ ತಪ್ಪುತ್ತದೆ. ಮ್ಯಾಟ್ ಮಾತ್ರ ಇಲ್ಲಿಂದಲೇ, ತಲೆಗೆ ಎರಡು. ಮೇಲೆ ಎಷ್ಟು ಹೊದ್ದರೂ ಮೈಭಾರಕ್ಕೆ ಅಡಿಯ ಪದರ ಅಮುಕಿಹೋಗುತ್ತದೆ, ನೆಲದ ಚಳಿಯನ್ನು ತಡೆಯುವುದು ಮ್ಯಾಟ್ ಒಂದೇ. ಒಂದರ ಮೇಲೊಂದು ಹಾಕಿದರೆ ಎರಡರ ತಡೆಶಕ್ತಿಯೂ ಪೂರ್ತಿ ಕೂಡುತ್ತದೆ. ಮಲಗುವಾಗ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಸೋರದೆಂದು ತಲೆಕೆಳಗೆ ಹಿಡಿದು ಖಚಿತಮಾಡಿಕೊಂಡು, ಕಾಲ ಹತ್ತಿರ ಇಟ್ಟುಕೊಳ್ಳಿ.

ಒಲೆಯನ್ನು ಬಿಟ್ಟುಬನ್ನಿ ಎಂದದ್ದಕ್ಕೆ ಎರಡು ಕಾರಣ. ಕ್ಯಾಸೆಟ್ ಡಬ್ಬಿಯಲ್ಲಿರುವುದು ಹೆಚ್ಚಾಗಿ ಬ್ಯೂಟೇನ್. ಸಮುದ್ರಮಟ್ಟದಲ್ಲಿ ಅದು ಆವಿಯಾಗುವುದು ಮೈನಸ್ 0.5 ಡಿಗ್ರಿಯಲ್ಲಿ, ಎತ್ತರಕ್ಕೆ ಹೋದಂತೆ ಇನ್ನೂ ಕೆಳಗೆ. ಆದರೂ ಬೆಳಗಿನ ಚಳಿಗೆ ಡಬ್ಬಿಯೊಳಗೆ ದ್ರವವಾಗಿಯೇ ಕೂತು ಉರಿ ಮಿಣಮಿಣ ಎನ್ನುತ್ತದೆ. ಐಸೊಬ್ಯೂಟೇನ್ ಮತ್ತು ಪ್ರೊಪೇನ್ ಮಿಶ್ರಣದ ತಿರುಪಿನ ಡಬ್ಬಿ ಬೇಕು. ಎರಡನೆಯ ಕಾರಣ, ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಕೈಚೀಲದಲ್ಲೂ ಚೆಕ್‌ಇನ್‌ನಲ್ಲೂ ಒಯ್ಯುವಂತಿಲ್ಲ, ರೈಲಿನಲ್ಲೂ ನಿಷೇಧ. ಹೋದಮೇಲೆ ಅಲ್ಲಿಯೇ ಕೊಳ್ಳಬೇಕು, ಅದಕ್ಕೆ ಹೊಂದುವ ಒಲೆಯೇ ಕೈಯಲ್ಲಿರಬೇಕು. ಯಾವ ಒಲೆಯಾದರೂ ಟೆಂಟಿನೊಳಗೆ ಹಚ್ಚಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ.

ಪಾಂಗಾಂಗ್‌ನ ಎತ್ತರದಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ, ಕುದಿಯುತ್ತದೆ ಹೊರತು ಬೇಯಿಸುವುದಿಲ್ಲ. ತೆರೆದ ಪಾತ್ರೆಯಲ್ಲಿ ಕುಚ್ಚಲಕ್ಕಿ ಇಡುವ ಆಸೆ ಬಿಡಿ, ಗ್ಯಾಸ್ ಮುಗಿದರೂ ಅದು ಗಟ್ಟಿಯೇ. ಅವಲಕ್ಕಿ, ಹುರಿದ ರವೆ, ಶ್ಯಾವಿಗೆ ಒಳ್ಳೆಯದು. ಗಂಜಿಯೇ ಬೇಕೆಂದರೆ 2 ಲೀಟರಿನ ಪುಟ್ಟ ಕುಕ್ಕರ್ ಹೊರಲೇಬೇಕು. ಪಾಂಗಾಂಗ್ ನೀರು ಉಪ್ಪುಪ್ಪು, ಕುದಿಸಿದರೂ ಫಿಲ್ಟರ್ ಮಾಡಿದರೂ ಉಪ್ಪು ಹೋಗದು. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 5 ಲೀಟರ್ ಲೆಕ್ಕದಲ್ಲಿ ಕ್ಯಾನ್ ತುಂಬಿಸಿಕೊಂಡೇ ಹೊರಡಿ. ಲೇಹ್‌ನಲ್ಲಿ ಕನಿಷ್ಠ ಎರಡು ರಾತ್ರಿ ತಂಗಿ ಮೈ ಒಗ್ಗಿಸಿಕೊಳ್ಳದೆ ಮೇಲೆ ಹೋದರೆ ಯಾವ ಟೆಂಟೂ ಕಾಪಾಡದು.

ಸಾಂಭರ್‌ಗಾದರೆ ಲೆಕ್ಕ ಬೇರೆ, ಈ ಕಿಟ್ ಅಲ್ಲಿಗೆ ಎಷ್ಟೋ ಹೆಚ್ಚು ಒಗ್ಗುತ್ತದೆ. ಭಾರತದ ಅತಿದೊಡ್ಡ ಒಳನಾಡಿನ ಉಪ್ಪುನೀರಿನ ಸರೋವರ ಅದು, 1990ರಲ್ಲಿ ರಾಮ್ಸರ್ ಪಟ್ಟಿ ಸೇರಿದ್ದು, ಜೈಪುರದಿಂದ ಸುಮಾರು 80 ಕಿ.ಮೀ. ಮಂಗಳೂರು ಜಂಕ್ಷನ್ ಮತ್ತು ಉಡುಪಿಯಲ್ಲಿ ನಿಲ್ಲುವ ಮರುಸಾಗರ್ ಎಕ್ಸ್‌ಪ್ರೆಸ್ ಕೊಂಕಣದ ದಾರಿಯಲ್ಲಿ ಅಜ್ಮೇರ್ ತನಕ ಹೋಗುವುದರಿಂದ ಗಂಟು ಹೊತ್ತು ಇಳಿಯಲೂ ಸುಲಭ. ನವೆಂಬರ್‌ನಿಂದ ಫೆಬ್ರವರಿ ತನಕ ಹೋಗಿ, ರಾಜಹಂಸಗಳೂ ಆಗಲೇ. ಚಳಿಗೆ ಸಾಧಾರಣ ಬ್ಯಾಗ್ ನಡೆಯುತ್ತದೆ. ಅಪಾಯ ನೆಲದಲ್ಲಿದೆ: ಬೆಳ್ಳಗೆ ಗಟ್ಟಿ ಕಾಣುವ ಉಪ್ಪಿನ ಹೆಪ್ಪಿನಡಿ ಕಪ್ಪು ಕೆಸರು ಇರುತ್ತದೆ. ದಂಡೆಯ ಒಣ ಮಣ್ಣಿನ ದಿಬ್ಬದಲ್ಲೇ ಟೆಂಟ್ ಹಾಕಿ, ಅಡಿಗೆ ದಪ್ಪ ಟಾರ್ಪಾಲು ಹಾಸಿ.

ಬಾಡಿಗೆಯ ಲೆಕ್ಕವೂ ನೋಡಿಕೊಳ್ಳಿ. ದಿನಕ್ಕಿಷ್ಟು ಎಂದು ಎಣಿಸುವಾಗ ರೈಲಿನಲ್ಲಿ ಕಳೆಯುವ ದಿನವೂ ಸೇರುತ್ತದೆ. ಮೂರು ರಾತ್ರಿ ಮಲಗಲು ಹನ್ನೆರಡು ದಿನದ ಬಾಡಿಗೆ ಕೊಡಬೇಕಾಗಿ ಬಂದರೆ, ಮತ್ತು ಅದು ಹೊಸ ಟೆಂಟಿನ ಅರ್ಧ ಬೆಲೆ ಮುಟ್ಟಿದರೆ, ಕೊಳ್ಳುವುದೇ ಸರಿ. ಬಾಡಿಗೆಗೇ ಹೋಗುವುದಾದರೆ ‘ಬಳಸಿದ ದಿನಕ್ಕೆ ಒಂದು ದರ, ಪ್ರಯಾಣದ ದಿನಕ್ಕೆ ಇನ್ನೊಂದು’ ಎಂದು ಮಾತಾಡಿ ಬಗೆಹರಿಸಿಕೊಳ್ಳಿ. ಒಯ್ಯುವಾಗಲೇ ಕಂಬದ ತುದಿ, ಜಿಪ್, ತಳದ ಬಟ್ಟೆ, ಗೂಟದ ಎಣಿಕೆ ಎಲ್ಲದರ ಫೋಟೋ ತೆಗೆದಿಡಿ, ಡಿಪಾಸಿಟ್ ವಾಪಸು ಕೇಳುವಾಗ ಬೇಕಾಗುತ್ತದೆ.

ವಾಪಸು ಬಂದಮೇಲೆ ಟೆಂಟನ್ನು ಹಾಗೆಯೇ ಅಂಗಡಿಗೆ ಎಸೆಯಬೇಡಿ. ಧೂಳನ್ನು ಒಣಗಿದ್ದಾಗಲೇ ಕೊಡವಿ, ಆಮೇಲೆ ಬರೀ ತಣ್ಣೀರಿನಲ್ಲಿ ಮೆತ್ತಗಿನ ಸ್ಪಂಜಿನಿಂದ ಒರಸಿ. ಸೋಪಿನ ಪುಡಿ ಬೇಡ, ವಾಷಿಂಗ್ ಮೆಷಿನ್ ಬೇಡವೇ ಬೇಡ. ಸಾಂಭರ್‌ನಿಂದ ಬಂದದ್ದಾದರೆ ಜಿಪ್ ಮತ್ತು ಗೂಟವನ್ನು ಸಿಹಿನೀರಿನಲ್ಲಿ ಎರಡು ಸಲ ತೊಳೆಯಿರಿ, ಉಳಿದ ಉಪ್ಪು ಗಾಳಿಯ ತೇವವನ್ನೇ ಎಳೆದುಕೊಂಡು ತುಕ್ಕು ಹಿಡಿಸುತ್ತದೆ. ಜೂನ್ ಹಿಡಿದುಬಿಟ್ಟಿದ್ದರೆ ಅಂಗಳದಲ್ಲಿ ಒಣಗುವುದಿಲ್ಲ. ಕೋಣೆಯಲ್ಲಿ ಹಗ್ಗಕ್ಕೆ ಹಾಕಿ ಎರಡು ದಿನ ಫ್ಯಾನ್ ಬಿಡಿ, ಮಧ್ಯೆ ಒಮ್ಮೆ ಒಳಹೊರಗು ಮಗುಚಿ. ಸ್ವಂತ ಟೆಂಟಾದರೆ ಅದು ಬಂದ ಬಿಗಿಚೀಲಕ್ಕೆ ಮತ್ತೆ ತುರುಕದೆ, ಹಳೆಯ ಹತ್ತಿ ಪಂಚೆಯಲ್ಲಿ ಸಡಿಲವಾಗಿ ಕಟ್ಟಿ, ನೆಲಕ್ಕೂ ಗೋಡೆಗೂ ತಾಗದ ಹಾಗೆ ಮೇಲೆ ತೂಗುಹಾಕಿ.